ಹೆಗ್ಗಣದ ಕಣಜ, ಲೋಳೆಯ ಕೂಟ

ಮೃಗಶಿರ ಮಳೆ ಹದವಾಗಿ ಬಿದ್ದ ಮೇಲೆ ಹೊಳಲ್ಕೆರೆ ಸೀಮೆಯ ತೋಟಗಳ ಸೊಬಗೇ ಬೇರೆ. ಬೇಸಿಗೆಯಿಡೀ ಒಣಗಿ ಬಿದ್ದಿದ್ದ ತೆಂಗಿನ ಗರಿ, ಅಡಿಕೆಯ ಹಾಳೆ, ಕಾಯಿಮಟ್ಟೆಗಳೆಲ್ಲ ನೀರು ಕುಡಿದು ಕಪ್ಪಾಗುತ್ತವೆ. ನೆರಳಿನ ನೆಲದಿಂದ ಕೊಳೆತ ಎಲೆಯ ಬೆಚ್ಚನೆಯ ವಾಸನೆ ಏಳುತ್ತದೆ. ಅಂಥದೊಂದು ಮುಂಜಾನೆ ನಾವು ಆ ತಾಲ್ಲೂಕಿನ ಪರಿಚಿತ ಗೃಹಸ್ಥರೊಬ್ಬರ ಮನೆಯಲ್ಲಿ ತಂಗಿದ್ದೆವು. ಮನೆಯ ಹಿರಿಯ ತಾಯಿ ನಮ್ಮನ್ನು ತೋಟಕ್ಕೆ ಕರೆದೊಯ್ದು ಬಾವಿಯ ಪಕ್ಕದ ಮಟ್ಟೆ ರಾಶಿಯ ಬಳಿ ನಿಲ್ಲಿಸಿದರು. ರಾಶಿಯ ಬುಡದಲ್ಲಿದ್ದ ಚಪ್ಪಡಿಯ ಮೇಲೆ ಅಂಗೈಯಗಲದ ಹಳದಿ ವಸ್ತುವೊಂದು ಹರಡಿತ್ತು. ಕಲಸಿದ ಕಡಲೆಹಿಟ್ಟನ್ನು ಯಾರೋ ಚೆಲ್ಲಿದಂತಿತ್ತು. ಅದರ ಅಂಚಿನಿಂದ ಸಣ್ಣ ಸಣ್ಣ ನಾಳಗಳು ಬೀಸಣಿಗೆಯಂತೆ ಬಿಚ್ಚಿಕೊಂಡಿದ್ದವು.

"ಗುರುಗಳೇ, ನಿನ್ನೆ ಸಂಜೆ ಇದು ಮಟ್ಟೆ ಮೇಲಿತ್ತು. ಬೆಳಗಾಗೋದ್ರೊಳಗೆ ಕಲ್ಲಿನ ಮೇಲೆ ಬಂದು ಕೂತೈತೆ. ಕಾಲಿಲ್ಲದ್ದು ಹೆಂಗೆ ನಡೀತು? ಯಾರಾದ್ರೂ ಏನಾದ್ರೂ ಮಾಡ್ಸಿರಬೌದಾ?" ಎಂದು ಆ ತಾಯಿ ತಗ್ಗಿದ ದನಿಯಲ್ಲಿ ಕೇಳಿದರು. ಅವರ ಕಣ್ಣಿನಲ್ಲಿದ್ದ ಅಂಜಿಕೆ ಸುಳ್ಳಾಗಿರಲಿಲ್ಲ. ಅವರ ಹಿಂದೆ ನಿಂತಿದ್ದ ಮೊಮ್ಮಗ, ಒಂಬತ್ತನೆಯ ತರಗತಿಯ ವಿದ್ಯಾರ್ಥಿ, ನಕ್ಕುಬಿಟ್ಟ. "ಅಜ್ಜಿ, ಅದು ಮಾಟ ಅಲ್ಲ, ಜೀವ. ಅದಕ್ಕೆ ಮಿದುಳೇ ಇಲ್ಲ, ಆದ್ರೂ ದಾರಿ ಹುಡುಕ್ತದೆ ಅಂತ ನಮ್ಮ ಮೇಷ್ಟ್ರು ಹೇಳಿದ್ರು" ಎಂದ. ಅಷ್ಟರಲ್ಲಿ ಹತ್ತು ಮಾರು ಆಚೆ ಅವನ ತಂದೆ, ರಾತ್ರಿ ಹೆಗ್ಗಣವು ತೋಡಿ ಹಾಕಿದ್ದ ಹಸಿಮಣ್ಣಿನ ಗುಪ್ಪೆಯನ್ನು ಕಾಲಿನಿಂದ ಕೆದರುತ್ತ ಅದನ್ನು ಶಪಿಸುತ್ತಿದ್ದರು. ಹುಡುಗ ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ನೋಡಿ ನಮ್ಮನ್ನು ಕೇಳಿದ: "ತಾತಾ, ಇವೆರಡ್ರಾಗೆ ಯಾವುದು ಬುದ್ಧಿವಂತ?"

ನಾವು ಕೂಡಲೇ ಉತ್ತರಿಸಲಿಲ್ಲ. ಓದಿ ನೋಡಿ ಬರೆಯುತ್ತೇವೆಂದು ಅವನಿಗೆ ಮಾತು ಕೊಟ್ಟು ಬಂದೆವು. ಈ ತಿಂಗಳ ಬರಹ ಆ ಮಾತಿನ ಋಣ. ಓದುತ್ತ ಹೋದಂತೆ ಹುಡುಗನ ಪ್ರಶ್ನೆ ನಮ್ಮದೇ ಬಾಲ್ಯದ ಒಂದು ಹಳೆಯ ಗಾಯದ ಬಳಿಗೆ ನಮ್ಮನ್ನು ಕರೆದೊಯ್ದಿತು. ಅದನ್ನೂ ಮುಚ್ಚಿಡದೆ ಹೇಳಬೇಕಾಗಿದೆ.

ಮೊದಲು ಆ ತಾಯಿಯ ಅಂಜಿಕೆಯನ್ನು ನಿವಾರಿಸೋಣ. ಅವರು ಕಂಡದ್ದು ಲೋಳೆ ಬೂಷ್ಟು. ಹೆಸರಿನಲ್ಲಿ ಬೂಷ್ಟು ಎಂದಿದ್ದರೂ ಅದು ಉಪ್ಪಿನಕಾಯಿಯ ಮೇಲೆ ಕಟ್ಟುವ ಬೂಷ್ಟಿನ ಕುಲಕ್ಕೆ ಸೇರಿದ್ದಲ್ಲ. ಗಿಡವೂ ಅಲ್ಲ, ಪ್ರಾಣಿಯೂ ಅಲ್ಲ. ಕೊಳೆಯುವ ಎಲೆ, ತೊಗಟೆ, ಮಟ್ಟೆಗಳ ಮೇಲೆ ಬೆಳೆಯುವ ಬ್ಯಾಕ್ಟೀರಿಯಾ ಮೊದಲಾದ ಸೂಕ್ಷ್ಮಜೀವಿಗಳೇ ಅದರ ಆಹಾರ. ಜೀವಂತ ಮರಕ್ಕೆ ಅದರಿಂದ ರೋಗವಿಲ್ಲ. ಮೂರು ನಾಲ್ಕು ದಿನಗಳಲ್ಲಿ ಅದು ತಾನಾಗಿ ಒಣಗಿ ಕಂದು ಪುಡಿಯಾಗುತ್ತದೆ. ಆ ಪುಡಿಯೇ ಅದರ ಬೀಜ. ಔಷಧಿ ಸಿಂಪಡಿಸಬೇಕಿಲ್ಲ, ಯಾರ ಮೇಲೂ ಸಂಶಯಪಡಬೇಕಿಲ್ಲ. ಕಣ್ಣಿಗೆ ಹೇಸಿಗೆಯೆನಿಸಿದರೆ ಸಲಿಕೆಯಿಂದ ಬಾಚಿ ಗೊಬ್ಬರದ ಗುಂಡಿಗೆ ಹಾಕಿದರೆ ಸಾಕು.

ಅದು ನಡೆದದ್ದು ಮಾತ್ರ ನಿಜ. ಅಂಗೈಯಗಲದ ಆ ಹಾಸು ಒಂದೇ ಒಂದು ಜೀವಕೋಶ. ನಮ್ಮ ದೇಹದ ಕೋಶ ಒಂದಕ್ಕೆ ಸಾಮಾನ್ಯವಾಗಿ ಒಂದೇ ಕೇಂದ್ರ. ಇದರಲ್ಲಿ ಒಂದೇ ಪೊರೆಯೊಳಗೆ ಲಕ್ಷಾಂತರ ಕೇಂದ್ರಗಳು ತೇಲಾಡುತ್ತಿರುತ್ತವೆ. ಒಳಗಿನ ರಸ ನಾಳಗಳಲ್ಲಿ ಮುಂದಕ್ಕೆ ಹರಿಯುತ್ತದೆ, ಒಂದೆರಡು ನಿಮಿಷದಲ್ಲಿ ದಿಕ್ಕು ಬದಲಿಸಿ ಹಿಂದಕ್ಕೆ ಹರಿಯುತ್ತದೆ. ಮುಂದಕ್ಕೆ ಹರಿದದ್ದು ತುಸು ಹೆಚ್ಚಾದ ಕಡೆಗೆ ಇಡೀ ಶರೀರ ಸರಿಯುತ್ತದೆ. ಗಂಟೆಗೆ ಒಂದು ಸೆಂಟಿಮೀಟರಿನಷ್ಟು ಸರಿದರೂ ರಾತ್ರಿ ಕಳೆಯುವುದರೊಳಗೆ ಮಟ್ಟೆಯಿಂದ ಚಪ್ಪಡಿಗೆ ಬರಲು ಸಾಕು.

ಇದರ ಹತ್ತಿರದ ಬಂಧುವಾದ ಫೈಸಾರಮ್ ಎಂಬ ಹಳದಿ ಲೋಳೆಯನ್ನು ಜಪಾನಿನ ತೊಶಿಯುಕಿ ನಾಕಾಗಾಕಿ ಮತ್ತು ಅವರ ಸಂಗಡಿಗರು ಚಕ್ರವ್ಯೂಹದಂಥ ಪುಟ್ಟ ಅಂಕಣದೊಳಗೆ ಬೆಳೆಸಿದರು. ಎರಡು ಬಾಗಿಲುಗಳಲ್ಲಿ ಆಹಾರವಿಟ್ಟರು. ಲೋಳೆಯು ಕುರುಡು ಓಣಿಗಳಿಂದ ತನ್ನ ಶರೀರವನ್ನು ಹಿಂತೆಗೆದುಕೊಂಡು, ಎರಡು ಆಹಾರಗಳ ನಡುವಣ ಅತ್ಯಂತ ಹತ್ತಿರದ ದಾರಿಯಲ್ಲಿ ಮಾತ್ರ ದಪ್ಪ ನಾಳವೊಂದನ್ನು ಉಳಿಸಿಕೊಂಡಿತು. ಇದು ಪ್ರಕಟವಾದದ್ದು 2000ದಲ್ಲಿ. 2010ರಲ್ಲಿ ಇನ್ನೊಂದು ಪ್ರಯೋಗ ಪ್ರಕಟವಾಯಿತು. ಟೋಕಿಯೊ ಮತ್ತು ಅದರ ಸುತ್ತಣ ಊರುಗಳ ನಕ್ಷೆಯಂತೆ 36 ಕಡೆ ಆಹಾರವಿಟ್ಟಾಗ, ಒಂದು ದಿನಕ್ಕೆ ತುಸು ಹೆಚ್ಚಿನ ಅವಧಿಯಲ್ಲಿ ಲೋಳೆ ಹೆಣೆದ ಜಾಲವು ಅಲ್ಲಿನ ಇಂಜಿನಿಯರುಗಳು ಹಾಕಿದ ರೈಲು ಮಾರ್ಗಗಳನ್ನು ಹೋಲುತ್ತಿತ್ತು.

ಇದರ ಗುಟ್ಟು ಸರಳ. ಯಾವ ನಾಳದಲ್ಲಿ ರಸ ಹೆಚ್ಚು ಹರಿಯುತ್ತದೆಯೋ ಅದು ದಪ್ಪವಾಗುತ್ತದೆ. ಯಾವುದರಲ್ಲಿ ಹರಿಯದೋ ಅದು ಸಣ್ಣಗಾಗಿ ಮಾಯವಾಗುತ್ತದೆ. ಚಿತ್ರದುರ್ಗದವರಿಗೆ ಇದನ್ನು ತಿಳಿಸುವುದು ಕಷ್ಟವಲ್ಲ. ಕೋಟೆಯ ಮೇಲಿನ ಗೋಪಾಲಸ್ವಾಮಿ ಹೊಂಡ ತುಂಬಿದರೆ ಹೆಚ್ಚಿನ ನೀರು ಅಕ್ಕತಂಗಿಯರ ಹೊಂಡಕ್ಕೆ ಇಳಿಯುತ್ತದೆ. ಅಲ್ಲಿಂದ ಕೆಳಗೆ ಊರಿನ ಸಿಹಿನೀರು ಹೊಂಡ, ಸಂತೆಹೊಂಡಗಳಿಗೆ ಸಾಗುತ್ತದೆ. ಹೊಂಡಗಳಿಗೆ ಬುದ್ಧಿಯಿಲ್ಲ; ಆದರೆ ತುಂಬಿದ್ದು ತುಂಬದಿದ್ದುದಕ್ಕೆ ಹರಿಯುವಂತೆ ಕಟ್ಟಿದ ವ್ಯವಸ್ಥೆಯಲ್ಲಿ ಬುದ್ಧಿಯಿದೆ. ಅಲ್ಲಿ ಕಟ್ಟಿದವರು ದುರ್ಗದ ಜನ. ಲೋಳೆಯಲ್ಲಿ ಕಟ್ಟುವುದೂ ಹರಿಯುವುದೂ ಒಂದೇ.

ಇನ್ನು ಹೆಗ್ಗಣದ ವಿಚಾರ. ಮನೆಯ ಗೋಡೆ, ಚರಂಡಿಗಳಲ್ಲಿ ಕಾಣುವ ದೊಡ್ಡ ಹೆಗ್ಗಣ ಒಂದು. ಹೊಲಗದ್ದೆಗಳ ಬದುವಿನಲ್ಲಿ ಬಿಲ ತೋಡುವ, ಅದಕ್ಕಿಂತ ಚಿಕ್ಕದಾದ ಜಾತಿ ಇನ್ನೊಂದು. ನಾವು ಇಲ್ಲಿ ಹೇಳುತ್ತಿರುವುದು ಈ ಎರಡನೆಯದನ್ನು. ಇಂಗ್ಲಿಷಿನವರು ಇವಕ್ಕೆ ಬ್ಯಾಂಡಿಕೂಟ್ ಎನ್ನುತ್ತಾರೆ. ಅದು ತೆಲುಗಿನ ಪಂದಿಕೊಕ್ಕು ಎಂಬ ಮಾತಿನ ರೂಪಾಂತರ, ಹಂದಿಯಿಲಿ ಎಂದು ಅರ್ಥ. ಕೆಣಕಿದರೆ ಹಂದಿಯಂತೆಯೇ ಗುರುಗುಟ್ಟುತ್ತದೆ. ಮೊಂಡು ಮೂತಿ, ಒರಟು ಕೂದಲು, ಆಯುಷ್ಯವಿಡೀ ಬೆಳೆಯುತ್ತಲೇ ಇರುವ ಮುಂಬಲ್ಲು, ಬಲವಾದ ಉಗುರು ಇವು ಅದರ ಬಂಡವಾಳ.

ಹಿರಿಯೂರಿನ ನೀರಾವರಿ ರೈತರಿಗೆ ಇದರ ಪರಿಚಯ ಮಾಡಿಕೊಡಬೇಕಾದ ಅಗತ್ಯವಿಲ್ಲ. ವೇದಾವತಿಗೆ ಅಡ್ಡಲಾಗಿ ಮಾರಿಕಣಿವೆಯಲ್ಲಿ ಕಟ್ಟಿ 1907ರಲ್ಲಿ ಪೂರ್ಣಗೊಂಡ ವಾಣಿವಿಲಾಸ ಸಾಗರದ ಕಾಲುವೆಗಳ ಕೆಳಗೆ ನೀರು ಕಂಡ ನೆಲ, ಮೆದುವಾದ ಬದು, ಕೈಗೆಟುಕುವ ತೆನೆ ಈ ಮೂರೂ ಒಟ್ಟಿಗೆ ಸಿಗುತ್ತವೆ. ಹೆಗ್ಗಣಕ್ಕೆ ಬೇಕಾದ್ದೂ ಅಷ್ಟೇ. ಆ ಜಲಾಶಯ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 89 ವರ್ಷಗಳ ಅನಂತರ, 2022ರಲ್ಲಿ. ಒಂದು ತಲೆಮಾರು ಹುಟ್ಟಿ ಮುದಿಯಾಗುವಷ್ಟು ಕಾಲ ನೀರಿಗಾಗಿ ಕಾದ ಸೀಮೆಯಲ್ಲಿ ಬದುವಿನ ಬಿಲವೊಂದರಿಂದ ನೀರು ಸೋರುವುದು ಸಣ್ಣ ಮಾತಲ್ಲ. ಬಿಲದೊಳಗೆ ನುಗ್ಗಿದ ನೀರು ಮಣ್ಣನ್ನು ಸವೆಸುತ್ತದೆ. ಸವೆದಷ್ಟೂ ಹೆಚ್ಚು ನುಗ್ಗುತ್ತದೆ. ಸಂಜೆ ಬೆರಳು ತೂರುವಷ್ಟಿದ್ದ ತೂತು ಬೆಳಗಾಗುವುದರೊಳಗೆ ಬದುವನ್ನೇ ಒಡೆದಿರುತ್ತದೆ. ಹರಿದಷ್ಟೂ ಅಗಲವಾಗುವ ನಿಯಮ ಇಲ್ಲಿಯೂ ಅದೇ. ಲೋಳೆಯಲ್ಲಿ ಅದು ಕಟ್ಟುತ್ತದೆ, ಬದುವಿನಲ್ಲಿ ಕೆಡಹುತ್ತದೆ.

ಹೆಗ್ಗಣದ ಬಿಲವು ಬರಿಯ ತೂತಲ್ಲ, ಅದೊಂದು ಮನೆ. ಹಲವು ಬಾಗಿಲು, ಕವಲೊಡೆದ ಓಣಿ, ಹುಲ್ಲು ಹಾಸಿದ ಹೆರಿಗೆಯ ಕೋಣೆ, ಎಲ್ಲಕ್ಕಿಂತ ಮುಖ್ಯವಾಗಿ ಕಣಜ. ಕಟಾವಿನ ಕಾಲದಲ್ಲಿ ರಾತ್ರಿಯೆಲ್ಲ ತೆನೆ ಕತ್ತರಿಸಿ ಹೊತ್ತು ತಂದು ಒಳಗೆ ಒಟ್ಟುತ್ತದೆ. ಹಗಲು ಒಳಗಿನಿಂದಲೇ ಮಣ್ಣು ತಳ್ಳಿ ಬಾಗಿಲು ಮುಚ್ಚಿಕೊಳ್ಳುತ್ತದೆ. ಆ ಮನೆಯಲ್ಲಿ ಸಾಮಾನ್ಯವಾಗಿ ವಾಸಿಸುವುದು ಬೆಳೆದ ಹೆಗ್ಗಣ ಒಂದೇ; ತಾಯಿಯಾದರೆ ಜೊತೆಗೆ ಮರಿಗಳು. ನೆರೆಯ ಹೆಗ್ಗಣ ಒಳಗೆ ಬಂದರೆ ಕಚ್ಚಾಟ. ಕಣಜ ತುಂಬಿದ್ದರೂ ಅದು ಒಬ್ಬರ ಕಣಜ.

ಈಗ ಹುಡುಗನ ಪ್ರಶ್ನೆಗೆ ಬರೋಣ. ಯಾವುದು ಬುದ್ಧಿವಂತ? ಮೊದಲ ನೋಟಕ್ಕೆ ಹೆಗ್ಗಣವೇ ಗೆಲ್ಲುತ್ತದೆ. ಅದಕ್ಕೆ ಮಿದುಳಿದೆ, ನೆನಪಿದೆ. ಕಗ್ಗತ್ತಲೆಯಲ್ಲಿ ಮೀಸೆಯ ಸ್ಪರ್ಶ, ಮೂಗಿನ ಶಕ್ತಿಗಳಿಂದ ತನ್ನ ಓಣಿಗಳನ್ನು ಗುರುತು ಹಿಡಿಯುತ್ತದೆ. ಇಂದು ಇದೆ, ನಾಳೆ ಇಲ್ಲದಿರಬಹುದು ಎಂಬುದಕ್ಕೆ ತಕ್ಕ ನಡತೆ ಅದರ ಮೈಯಲ್ಲಿದೆ. ಲೋಳೆಗೆ ಇವು ಯಾವುವೂ ಇಲ್ಲ. ಆದರೂ ಅದು ಹೋದ ದಾರಿಯಲ್ಲಿ ತೆಳುವಾದ ಅಂಟಿನ ಜಾಡನ್ನು ಬಿಡುತ್ತದೆ. ಮತ್ತೆ ಆ ಜಾಡು ತಗುಲಿದರೆ ಇಲ್ಲಿ ಆಗಲೇ ಹುಡುಕಿಯಾಯಿತು ಎಂಬಂತೆ ಬೇರೆ ಕಡೆಗೆ ತಿರುಗುತ್ತದೆ. ಇದನ್ನು ಆಸ್ಟ್ರೇಲಿಯಾದ ಸಿಡ್ನಿ ವಿಶ್ವವಿದ್ಯಾಲಯದ ಸಂಶೋಧಕರು 2012ರಲ್ಲಿ ತೋರಿಸಿಕೊಟ್ಟರು. ಹೆಗ್ಗಣದ ನೆನಪು ತಲೆಯೊಳಗಿದೆ, ಲೋಳೆಯ ನೆನಪು ನೆಲದ ಮೇಲಿದೆ. ಇಷ್ಟರಿಂದ ಯಾವುದು ಮೇಲು ಎಂದು ತೀರ್ಮಾನಿಸಲು ನಮಗೆ ಧೈರ್ಯವಾಗಲಿಲ್ಲ.

ವ್ಯತ್ಯಾಸ ನಿಜವಾಗಿ ತೆರೆದುಕೊಳ್ಳುವುದು ಹಸಿವಿನ ಕಾಲದಲ್ಲಿ. ಅದನ್ನು ಕಾಣಬೇಕಾದರೆ ಲೋಳೆ ಬೂಷ್ಟುಗಳ ಇನ್ನೊಂದು ಕವಲನ್ನು ನೋಡಬೇಕು. ಇವು ಮಟ್ಟೆಯ ಮೇಲಿನ ಹಳದಿ ಲೋಳೆಯಂತೆ ಬರಿಗಣ್ಣಿಗೆ ಸುಲಭವಾಗಿ ಬೀಳುವುದಿಲ್ಲ. ಕಾಡಿನ ತರಗೆಲೆಯ ಕೆಳಗಿನ ಮಣ್ಣಿನಲ್ಲಿ, ಪ್ರಾಣಿಗಳ ಸಗಣಿಯಲ್ಲಿ, ಒಂದು ಮಿಲಿಮೀಟರಿನೊಳಗೆ ನೂರು ಸಾಲಾಗಿ ನಿಲ್ಲಬಹುದಾದಷ್ಟು ಸಣ್ಣ ಬಿಡಿ ಕೋಶಗಳಾಗಿ ಇರುತ್ತವೆ. ಇವುಗಳಲ್ಲಿ ಪ್ರಸಿದ್ಧವಾದ ಡಿಕ್ಟಿಯೊಸ್ಟೀಲಿಯಮ್ ಡಿಸ್ಕಾಯ್ಡಿಯಮ್ ಎಂಬುದನ್ನು ಅಮೆರಿಕದ ಕೆನೆತ್ ರೇಪರ್ 1935ರಲ್ಲಿ ಲೋಕಕ್ಕೆ ಪರಿಚಯಿಸಿದರು. ನಮ್ಮ ನಾಡಿನಲ್ಲಿಯೂ ಇದರ ಅಧ್ಯಯನ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿದ್ಯಾನಂದ ನಂಜುಂಡಯ್ಯನವರು ದೀರ್ಘಕಾಲ ಈ ಜೀವಿಗಳ ಕೂಡುಬಾಳಿನ ಕುರಿತು ಸಂಶೋಧನೆ ಮಾಡಿದರು.

ಸುಭಿಕ್ಷದ ಕಾಲದಲ್ಲಿ ಈ ಕೋಶಗಳು ತಮ್ಮ ಪಾಡಿಗೆ ತಾವು ಬ್ಯಾಕ್ಟೀರಿಯಾಗಳನ್ನು ತಿನ್ನುತ್ತ, ಒಂದು ಎರಡಾಗಿ ಎರಡು ನಾಲ್ಕಾಗಿ ಒಡೆಯುತ್ತ ಬಾಳುತ್ತವೆ. ನೆರೆಯದರ ಗೊಡವೆಯಿಲ್ಲ. ಆಹಾರ ತೀರಿತೆನ್ನಿ. ಆಗ ಹಸಿದ ಕೋಶವೊಂದು ರಾಸಾಯನಿಕ ದ್ರವ್ಯವೊಂದನ್ನು ಹೊರಬಿಡುತ್ತದೆ. ಅದು ತಗುಲಿದ ನೆರೆಯ ಕೋಶ ಆ ಕಡೆಗೆ ಸರಿಯುತ್ತದೆ, ತಾನೂ ಅದೇ ದ್ರವ್ಯವನ್ನು ಬಿಟ್ಟು ಕರೆಯನ್ನು ಮುಂದಕ್ಕೆ ದಾಟಿಸುತ್ತದೆ. ಕೆಲವು ನಿಮಿಷಗಳಿಗೊಮ್ಮೆ ಅಲೆ ಅಲೆಯಾಗಿ ಈ ಕರೆ ಹಬ್ಬುತ್ತದೆ. ಹತ್ತಾರು ಸಾವಿರ, ಕೆಲವೊಮ್ಮೆ ಲಕ್ಷದವರೆಗೆ ಕೋಶಗಳು ಒಂದೆಡೆ ನೆರೆದು, ಒಂದೆರಡು ಮಿಲಿಮೀಟರ್ ಉದ್ದದ ಪುಟ್ಟ ಹುಳುವಿನಂಥ ದೇಹವಾಗಿ ಬೆಳಕಿನ ಕಡೆಗೆ ತೆವಳುತ್ತವೆ. ಕೊನೆಗೆ ಒಂದೆಡೆ ನಿಂತು ಮೇಲಕ್ಕೆ ಏಳುತ್ತವೆ. ಸುಮಾರು ಐದನೆಯ ಒಂದು ಭಾಗದ ಕೋಶಗಳು ಗಟ್ಟಿಯಾಗಿ ಕಾಂಡವಾಗುತ್ತವೆ ಮತ್ತು ಸಾಯುತ್ತವೆ. ಉಳಿದವು ಆ ಕಾಂಡದ ತುದಿಗೇರಿ ಬೀಜಕಗಳಾಗಿ, ಯಾವುದಾದರೂ ಹುಳು ಹುಪ್ಪಟೆಯ ಮೈಗೆ ಅಂಟಿಕೊಂಡು ಹೊಸ ನೆಲಕ್ಕೆ ಹೋಗುವ ದಾರಿ ಕಾಯುತ್ತವೆ. ಆರಂಭದಿಂದ ಕೊನೆಯವರೆಗೆ ಇದೆಲ್ಲ ಮುಗಿಯಲು ಒಂದು ಹಗಲು ಒಂದು ರಾತ್ರಿ ಸಾಕು.

ನಂಜುಂಡಯ್ಯನವರೂ ಅವರ ಸಹೋದ್ಯೋಗಿಗಳೂ ಬಂಡೀಪುರಕ್ಕೆ ಹೊಂದಿಕೊಂಡ ಮುದುಮಲೆ ಕಾಡಿನ ಮಣ್ಣು ಮತ್ತು ಪ್ರಾಣಿಗಳ ಸಗಣಿಯಿಂದ ಇಂಥ ಜೀವಿಗಳನ್ನು ಬೆಳೆಸಿ ನೋಡಿದರು. ಒಂದೇ ಕಾಂಡದ ಕೂಟದೊಳಗೆ ಬೇರೆ ಬೇರೆ ವಂಶದ ಕೋಶಗಳು ಇದ್ದುದು ಕಂಡುಬಂದಿತು. 2010ರಲ್ಲಿ ಅದನ್ನು ಪ್ರಕಟಿಸಿದರು. ಎಂದರೆ ಕೂಡಿದವರೆಲ್ಲ ದಾಯಾದಿಗಳೇ ಆಗಿರಬೇಕಿಲ್ಲ. ತನ್ನ ವಂಶದ್ದಲ್ಲದ ಕೋಶವನ್ನೂ ಒಂದು ಕೋಶ ತನ್ನ ಹೆಗಲ ಮೇಲೆ ಎತ್ತಿ ಹಿಡಿದು ಸಾಯಬಹುದು.

ಇಲ್ಲಿಗೆ ಬಂದಾಗ ನಮ್ಮಂಥ ಉಪನ್ಯಾಸ ಮಾಡುವ ಮಂದಿಗೆ ದೊಡ್ಡದೊಂದು ಆಸೆ ಹುಟ್ಟುತ್ತದೆ. ಹೆಗ್ಗಣದಂತೆ ಕೂಡಿಡಬೇಡಿ, ಲೋಳೆಯಂತೆ ಕೂಡಿ ಬಾಳಿ ಎಂದು ಹೇಳಿ ಮಾತು ಮುಗಿಸಿದರೆ ಕೇಳಿದವರು ತಲೆದೂಗಿ ಏಳುತ್ತಾರೆ. ಆದರೆ ಸತ್ಯ ಅಷ್ಟು ಸುಲಭವಾಗಿ ನಮ್ಮ ಬಾಯಿಗೆ ಬಂದು ಬೀಳುವುದಿಲ್ಲ. 2000ದಲ್ಲಿ ಜೋನ್ ಸ್ಟ್ರಾಸ್‌ಮನ್, ಡೇವಿಡ್ ಕ್ವೆಲ್ಲರ್ ಮತ್ತು ಸಂಗಡಿಗರು ತೋರಿಸಿದಂತೆ, ಈ ಕೂಟದಲ್ಲಿಯೂ ವಂಚಕರಿದ್ದಾರೆ: ಕಾಂಡವಾಗುವ ಸರದಿಯನ್ನು ಪರರಿಗೆ ಬಿಟ್ಟು, ತಮ್ಮ ಪಾಲಿಗಿಂತ ಹೆಚ್ಚಾಗಿ ಬೀಜಕಗಳ ಸ್ಥಾನಕ್ಕೆ ಏರುವ ವಂಶಗಳಿವೆ. ಕೂಡಿಡುವವೂ ಇವೆ. 2011ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಕಾಡಿನಿಂದ ತಂದ ವಂಶಗಳ ಪೈಕಿ ಸುಮಾರು ಮೂರನೆಯ ಒಂದು ಭಾಗವು ಇದ್ದ ಆಹಾರವನ್ನೆಲ್ಲ ತಿಂದು ಮುಗಿಸದೆ, ಕೆಲವು ಬ್ಯಾಕ್ಟೀರಿಯಾಗಳನ್ನು ಬೀಜಕಗಳ ಜೊತೆ ಹೊತ್ತುಕೊಂಡು ಹೋಗಿ ಹೊಸ ನೆಲದಲ್ಲಿ ಬಿತ್ತುವುದು ತಿಳಿದುಬಂದಿತು. ಬಿತ್ತನೆಗೆಂದು ಕಾಳು ಎತ್ತಿಡುವ ರೈತನ ನಡತೆಯೇ ಅದು.

ಹೆಗ್ಗಣವನ್ನೂ ಕೇವಲ ಲೋಭಿ ಎನ್ನಲಾಗದು. ಹೆತ್ತವರಿಗೆ ಹೆಗ್ಗಣ ಮುದ್ದು ಎಂಬ ಗಾದೆಯನ್ನು ನಾವು ನಗುತ್ತ ಹೇಳುತ್ತೇವೆ. ಆದರೆ ಹೆಗ್ಗಣವೂ ಒಬ್ಬ ಹೆತ್ತ ತಾಯಿ. ಮೂರು ವಾರ ಬಸಿರು ಹೊತ್ತು, ಕಣ್ಣು ಬಿಡದ ಏಳೆಂಟು ಮರಿಗಳನ್ನು ಹಾಕಿ, ಒಂಟಿಯಾಗಿ ಅವುಗಳನ್ನು ಸಾಕುವ ತಾಯಿಗೆ ಮನೆಯೊಳಗೆ ಕಾಳಿರುವುದು ಪ್ರಾಣದ ಪ್ರಶ್ನೆ. ತಾನು ಕೂಡಿಟ್ಟದ್ದು ಯಾರ ಬೆವರು ಎಂದು ಕೇಳಿಕೊಳ್ಳುವ ಶಕ್ತಿಯನ್ನು ಸೃಷ್ಟಿ ಅದಕ್ಕೆ ಕೊಟ್ಟಿಲ್ಲ. ಆ ಶಕ್ತಿ ಯಾರಿಗಿದೆ ಎಂಬುದನ್ನು ಹೇಳುವುದಕ್ಕಾಗಿಯೇ ನಾವು ಈಗ ಹೊಸದುರ್ಗದ ಕಡೆಗೆ ಹೋಗಬೇಕಾಗಿದೆ.

ನಮ್ಮ ಬಾಲ್ಯ ಕಳೆದದ್ದು ಹೊಸದುರ್ಗ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ಮನೆಯ ಮುಂದಿನ ಅಂಗಳದಲ್ಲಿ ಹಗೇವು ಇತ್ತು. ಇಂದಿನ ಮಕ್ಕಳಿಗೆ ಈ ಮಾತೇ ತಿಳಿಯದು. ಗಟ್ಟಿ ನೆಲದಲ್ಲಿ ಗುಡಾಣದ ಆಕಾರಕ್ಕೆ ತೋಡಿದ ನೆಲಗಣಜ ಅದು. ಬಾಯಿ ಕಿರಿದು, ಹೊಟ್ಟೆ ಹಿರಿದು. ಒಳಗೆ ಸುತ್ತಲೂ ಒಣಹುಲ್ಲು ಒತ್ತಿ, ರಾಗಿ ತುಂಬಿ, ಚಪ್ಪಡಿಯಿಟ್ಟು ಮೇಲೆ ಮಣ್ಣು ಮೆತ್ತಿಬಿಟ್ಟರೆ ಗಾಳಿಯಾಡದೆ ಹುಳು ಬದುಕುತ್ತಿರಲಿಲ್ಲ. ರಾಗಿ ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ತೆರೆದ ದಿನ ಮಾತ್ರ ಒಳಗಿನ ಕೆಟ್ಟ ಗಾಳಿ ಹೋಗಲು ಬಿಟ್ಟು, ಹಗ್ಗದಲ್ಲಿ ದೀಪ ಇಳಿಸಿ, ದೀಪ ಆರಲಿಲ್ಲವೆಂದರೆ ಮನುಷ್ಯರು ಇಳಿಯಬೇಕು. ದೀಪ ನೋಡದೆ ಇಳಿದು ಪ್ರಾಣ ಬಿಟ್ಟವರ ಕಥೆಗಳನ್ನು ಹಿರಿಯರು ಹೇಳುತ್ತಿದ್ದರು.

1972ರಲ್ಲಿ ಮಳೆ ಕೈಕೊಟ್ಟಿತು. ರಾಗಿ ಗೇಣುದ್ದ ಬೆಳೆದು ನಿಂತಿತು. ತೆನೆ ಬಂದಲ್ಲಿ ಬಂದೀತು, ಇಲ್ಲದಲ್ಲಿ ಇಲ್ಲ. ನಮ್ಮ ಹಗೇವಿನಲ್ಲಿ ಹಿಂದಿನ ಸುಗ್ಗಿಯ ರಾಗಿ ಇತ್ತು. ಆಗ ನಮಗೆ ಹನ್ನೊಂದು ವರ್ಷ. ಒಂದು ದಿನ ಹೊಲದ ಕಡೆ ಹೋದಾಗ ಊರ ಅಂಚಿನ ಕೇರಿಯ ನಾಲ್ವರು ಹೆಂಗಸರು ನಮ್ಮ ಬದುವಿನಲ್ಲಿ ಹೆಗ್ಗಣದ ಬಿಲ ಅಗೆಯುತ್ತಿದ್ದುದನ್ನು ಕಂಡೆವು. ಬೆಟ್ಟ ಅಗೆದು ಇಲಿ ಹಿಡಿದಂತೆ ಎಂದು ಉಳ್ಳವರು ಆಡಿಕೊಳ್ಳುತ್ತಾರೆ. ಆ ಹೆಂಗಸರು ಇಲಿಗಾಗಿ ಅಗೆಯುತ್ತಿರಲಿಲ್ಲ, ಹೆಗ್ಗಣ ಒಟ್ಟಿದ್ದ ರಾಗಿ ತೆನೆಗಾಗಿ ಅಗೆಯುತ್ತಿದ್ದರು. ತಮಿಳುನಾಡಿನ ಇರುಳರು, ಬಿಹಾರದ ಮುಸಹರರು ಹೀಗೆಯೇ ಬಿಲದ ಕಾಳಿನಿಂದ ಹೊಟ್ಟೆ ಹೊರೆದುದನ್ನು ನಾವು ಓದಿದ್ದು ಎಷ್ಟೋ ವರ್ಷಗಳ ಮೇಲೆ. ಆ ದಿನ ನಮಗೆ ತೋಚಿದ್ದು ಒಂದೇ. ಓಡಿಹೋಗಿ ಅಜ್ಜನಿಗೆ ಹೇಳಿದೆವು: "ಅಜ್ಜಾ, ನಮ್ ರಾಗಿ ಕದೀತಾ ಅವ್ರೆ."

ಅಜ್ಜ ಕೋಲು ಹಿಡಿದು ಬಂದರು. ಯಾರನ್ನೂ ಹೊಡೆಯಲಿಲ್ಲ. ಮಂಕರಿಗಳನ್ನು ಬದುವಿನ ಮೇಲೆ ಬೋರಲು ಹಾಕಿಸಿದರು. ಹೆಂಗಸರು ಒಂದು ಮಾತೂ ಆಡದೆ ಗುದ್ದಲಿ ಎತ್ತಿಕೊಂಡು ಹೊರಟುಹೋದರು. ನಾವು ತೆನೆಗಳನ್ನು ಆಯ್ದುಕೊಳ್ಳಲು ಬಗ್ಗಿದಾಗ ಅಜ್ಜ ತಡೆದರು: "ಬಿಡು, ಇಲಿ ಮುಟ್ಟಿದ್ದು. ಮನೆಗೆ ಬೇಡ."

ರಾತ್ರಿ ಊಟಕ್ಕೆ ಕುಳಿತಾಗ ಅಜ್ಜಿ ಮುದ್ದೆ ಇಡುತ್ತ ಕೇಳಿದರು: "ಹೆಗ್ಗಣ ಹೊತ್ಕೊಂಡು ಹೋದಾಗ ಸುಮ್ಕಿದ್ರಿ. ಮನುಷ್ಯರು ಹೊತ್ಕೊಂಡು ಹೋದ್ರೆ ಕೋಲು ತಗಂಡ್ರಾ?" ಅಜ್ಜ ಉತ್ತರ ಕೊಡಲಿಲ್ಲ. ಬೆಳಿಗ್ಗೆ ನಾವು ಬದುವಿಗೆ ಹೋಗಿ ನೋಡಿದೆವು. ಚೆಲ್ಲಿದ್ದ ತೆನೆಗಳಲ್ಲಿ ಒಂದೂ ಉಳಿದಿರಲಿಲ್ಲ. ಎರಡು ಮಾರು ಆಚೆ ಹೊಸ ಬಿಲದ ಬಾಯಿಗೆ ಹಸಿಮಣ್ಣು ಮುಚ್ಚಿತ್ತು. ಅಜ್ಜನ ಕೋಲು ಕಾಪಾಡಿದ್ದು ಹೆಗ್ಗಣದ ಪಾಲನ್ನು.

ಮೂರನೆಯ ದಿನ ಅಜ್ಜ ಹಗೇವಿನ ಬಾಯಿ ತೆಗೆಸಿದರು. ಕೇಳಿದವರಿಗೆ ಕೊಳಗದಲ್ಲಿ ಅಳೆದು ರಾಗಿ ಕೊಟ್ಟರು. ಅದು ದಾನವಲ್ಲ, ಸಾಲ. ಮುಂದಿನ ಸುಗ್ಗಿಗೆ ಕೊಟ್ಟಷ್ಟೇ ಹಿಂದಿರುಗಿಸಬೇಕು, ಮೇಲೆ ಒಂದು ಸೇರೂ ಬೇಡ ಎಂದು ಹೇಳಿದರು. ಊರಿನವರು ಹಲವರು ಬಂದರು. ಆ ನಾಲ್ವರು ಬರಲಿಲ್ಲ. ಅಜ್ಜಿ ಹೇಳಿ ಕಳುಹಿಸಿದರೂ ಬರಲಿಲ್ಲ. ನಾಲ್ವರ ಪೈಕಿ ಒಬ್ಬಾಕೆಯ ಕಂಕುಳಲ್ಲಿ ಕೂಸಿತ್ತು ಎಂಬುದು ನಮಗೆ ನೆನಪಿದೆ. ಆ ಕೂಸು ಆ ಬೇಸಿಗೆಯನ್ನು ದಾಟಿತೇ ಎಂದು ನಾವು ಆಗ ಕೇಳಲಿಲ್ಲ. ಆಮೇಲೆ ಕೇಳುವ ಧೈರ್ಯ ಬರಲಿಲ್ಲ.

ಅಜ್ಜ ಕೆಟ್ಟವರಾಗಿರಲಿಲ್ಲ. ಅವರ ಹಗೇವು ಊರಿಗೆ ಆಧಾರವಾಯಿತು ಎಂದು ಇಂದಿಗೂ ಹೇಳುವವರಿದ್ದಾರೆ. ಅದು ನಿಜವೂ ಹೌದು. ಕೂಡಿಡದಿದ್ದರೆ ಕೊಡಲು ಏನಿರುತ್ತಿತ್ತು? ದೋಷ ಕೂಡಿಟ್ಟುದರಲ್ಲಿ ಇರಲಿಲ್ಲ. ತೆರೆಯಲು ತಡವಾದ ಆ ಮೂರು ದಿನಗಳಲ್ಲಿ ಇತ್ತು. ಅದಕ್ಕೂ ಮುಂಚೆ, ಓಡಿಹೋಗಿ ಹೇಳಿದ ನಮ್ಮ ಕಾಲುಗಳಲ್ಲಿ ಇತ್ತು. ತಾನು ತಿನ್ನದ್ದನ್ನು ಇತರರೂ ತಿನ್ನದಂತೆ ಕಾಯುವ ಕೆಲಸವನ್ನು ಹೆಗ್ಗಣವೂ ಮಾಡುವುದಿಲ್ಲ. ಅದು ಕಾಯುವುದು ತಾನು ತಿನ್ನುವುದನ್ನು ಮಾತ್ರ.

ಹೊಳಲ್ಕೆರೆಯ ಹುಡುಗನಿಗೆ ಈಗ ನಮ್ಮ ಉತ್ತರ ಹೀಗಿದೆ. ಮಗು, ಹೆಗ್ಗಣ ತನ್ನ ದಾರಿಯಲ್ಲಿ ಜಾಣ, ಲೋಳೆ ತನ್ನ ದಾರಿಯಲ್ಲಿ ಜಾಣ. ಆದರೆ ಹೆಗ್ಗಣವು ಬರಗಾಲ ಬಂತೆಂದು ನಾಳೆ ಕಣಜದ ಬಾಗಿಲು ತೆರೆಯಲಾರದು. ಹಸಿದ ಲೋಳೆಯು ತಾನು ಈ ಸಲ ಕೂಡುವುದಿಲ್ಲವೆಂದು ಹಟ ಹಿಡಿಯಲಾರದು. ಅವಕ್ಕೆ ಇರುವುದು ಒಂದೊಂದೇ ದಾರಿ. ಆದ್ದರಿಂದ ಅವಕ್ಕೆ ಪುಣ್ಯವೂ ಇಲ್ಲ, ಪಾಪವೂ ಇಲ್ಲ. ಅವುಗಳಿಂದ ನೀತಿ ಕಲಿಯುತ್ತೇವೆಂದು ಹೊರಡುವುದು ನಮ್ಮ ಹೊರೆಯನ್ನು ಅವುಗಳ ತಲೆಗೆ ಕಟ್ಟಿದಂತೆ. ಎರಡೂ ದಾರಿಗಳು ತೆರೆದಿರುವುದು ಮನುಷ್ಯನೊಬ್ಬನಿಗೆ. ಬೆಳಿಗ್ಗೆ ಕೋಲು ಹಿಡಿದ ಕೈಯೇ ಮೂರನೆಯ ದಿನ ಕೊಳಗ ಹಿಡಿಯಬಹುದು. ಹಾಗೆ ಬದಲಾಗಬಲ್ಲದ್ದನ್ನೇ ನಾವು ಬುದ್ಧಿ ಎನ್ನುತ್ತೇವೆ. ಅದು ತಡವಾಗಿ ಬಂದರೆ ಯಾರಿಗೋ ಬಾರದೇ ಹೋದಂತೆಯೇ ಆಗುತ್ತದೆ.

ನಿನ್ನ ತಂದೆಯವರು ಬದು ಕೆಡದಂತೆ ಹೆಗ್ಗಣದ ಬಿಲಗಳನ್ನು ಮುಚ್ಚಿಸಲಿ, ಅದು ರೈತನ ಧರ್ಮ. ನಿನ್ನ ಅಜ್ಜಿಗೆ ಹಳದಿ ಲೋಳೆಯ ಮೇಲಿನ ಅಂಜಿಕೆ ಬಿಡಿಸು, ಅದು ಓದಿದವನ ಧರ್ಮ. ನಮ್ಮ ಅಂಗಳದ ಹಗೇವನ್ನು ಮುಚ್ಚಿ ಬಹಳ ವರ್ಷಗಳಾದವು. ಈಗ ಅಲ್ಲಿ ಮೋಟಾರ್ ಸೈಕಲ್ ನಿಲ್ಲಿಸುತ್ತಾರೆ. ಪ್ರತಿ ಮಳೆಗಾಲದಲ್ಲಿ ಆ ಜಾಗ ಒಂದಿಷ್ಟು ಕುಸಿಯುತ್ತದೆ, ಮನೆಯವರು ಒಂದೆರಡು ಬುಟ್ಟಿ ಮಣ್ಣು ಹಾಕಿಸುತ್ತಾರೆ. ಆದರೆ ಕಣಜಗಳು ಮಾಯವಾಗಿಲ್ಲ. ಅವು ಈಗ ಪೆಟ್ಟಿಗೆ, ಪಾಸ್‌ಪುಸ್ತಕ, ಬೀಗ ಹಾಕಿದ ಕೋಣೆಗಳ ರೂಪದಲ್ಲಿ ನಮ್ಮೆಲ್ಲರ ಮನೆಗಳಲ್ಲಿವೆ. ಓದುಗ ಬಂಧುಗಳು ಕೂಡಿಡಬಾರದೆಂದು ನಾವು ಹೇಳುವುದಿಲ್ಲ. ಬಾಗಿಲು ಯಾವ ದಿನ ತೆರೆಯಬೇಕೆಂಬುದನ್ನು ಬರ ಬರುವ ಮೊದಲೇ ಮನೆಯವರೆಲ್ಲ ಕುಳಿತು ಮಾತಾಡಿಕೊಂಡಿರಲಿ ಎಂದಷ್ಟೇ ಕೇಳಿಕೊಳ್ಳುತ್ತೇವೆ.